ಹದಿಮೂರು ವರ್ಷದ ಕೈದಿ ನಿಮ್ಮ ಮನೆಯವನೇ: ಆ ಹಾಳೆನ ಹೇಗೆ ಓದೋದು

ಪ್ರಶ್ನೆ: ನಮಸ್ಕಾರ. ನಾನು ಶಿವಮೊಗ್ಗದವಳು, ಮದುವೆಯಾಗಿ ಹೋಬಾರ್ಟ್‌ನಲ್ಲಿದೀನಿ, ಯಜಮಾನ್ರು ಇಲ್ಲಿಯವರೇ, ಟಾಸ್ಮೇನಿಯಾದವರು. ಮಗಳಿಗೆ ಸ್ಕೂಲಲ್ಲಿ ಫ್ಯಾಮಿಲಿ ಟ್ರೀ ಪ್ರಾಜೆಕ್ಟ್ ಕೊಟ್ಟಿದಾರೆ. ಹುಡುಕ್ತಾ ಹೋದಾಗ ಯಜಮಾನ್ರ ಮುತ್ತಜ್ಜನ ತಂದೆ ಲಂಡನ್‌ನಿಂದ ಕೈದಿಯಾಗಿ ಬಂದವರು ಅಂತ ಗೊತ್ತಾಯ್ತು. 1842ರಲ್ಲಿ ಶಿಕ್ಷೆ ಆದಾಗ ಅವರಿಗೆ ಬರೀ 13 ವರ್ಷ, ಒಂದು ಕರ್ಚೀಫ್ ಕದ್ದಿದ್ದಕ್ಕೆ 7 ವರ್ಷ ಗಡೀಪಾರು! ಇದು ನಿಜ ಇರಬಹುದಾ ಅಥವಾ ರೆಕಾರ್ಡ್ ತಪ್ಪಾ? ಆಗ ಮಕ್ಕಳನ್ನ ನೇಣಿಗೂ ಹಾಕ್ತಿದ್ರು ಅಂತ ಓದಿದೆ, ಹೌದಾ? ಅತ್ತೆಯವರು ಇದನ್ನೆಲ್ಲ ಮಗುಗೆ ಹೇಳ್ಬೇಡ, ಬೇರೆ ಕಡೆ ಅಜ್ಜನ ಹೆಸರು ಹಾಕು ಅಂತಾರೆ. ಅವರ ಕೈದಿ ದಾಖಲೆಯ ಹಾಳೆಯ ಫೋಟೋ ಕಳಿಸಿದೀನಿ, ಅದರ ಕೆಳಗಿನ ಭಾಗ ಓದೋಕೆ ಕಷ್ಟ ಆಯ್ತು. ಅವರ ಮದುವೆ ದಾಖಲೆಯಲ್ಲಿ ಚಪ್ಪಲಿ ಹೊಲಿಯೋನು ಅಂತಿದೆ. ಇನ್ನೇನು ಸಿಗಬಹುದು ಹೇಳ್ತೀರಾ?

ಉತ್ತರ: ನಮಸ್ಕಾರ ಅಮ್ಮ. ಫೋಟೋನ ದೊಡ್ಡದು ಮಾಡ್ಕೊಂಡು ಎರಡು ಸಲ ಪೂರ್ತಿ ಓದಿದೆ. ರೆಕಾರ್ಡ್ ತಪ್ಪಲ್ಲ. 13 ವರ್ಷ, ಕರ್ಚೀಫ್, 7 ವರ್ಷ, ಇದೆಲ್ಲ ಆ ಕಾಲಕ್ಕೆ ದಿನಾ ನಡೀತಿದ್ದ ವಿಷಯ, ಲಂಡನ್‌ನ ಓಲ್ಡ್ ಬೇಲಿ ಕೋರ್ಟಿನ ಪುಸ್ತಕ ತೆಗೆದರೆ ಒಂದೇ ಸೆಷನ್‌ನಲ್ಲಿ ಇಂಥ ಹುಡುಗರು ಸಾಲಾಗಿ ಸಿಗ್ತಾರೆ.

ಆದ್ರೆ ಮುಂದೆ ಹೋಗೋ ಮೊದ್ಲು ಒಂದು ಎಚ್ಚರಿಕೆ, ಯಾಕಂದ್ರೆ ಇದರಲ್ಲಿ ನಾನೇ ಒಂದು ಸಲ ಕೆಟ್ಟದಾಗಿ ಎಡವಿದೀನಿ. ಒಂದು ಮನೆಯವರಿಗೋಸ್ಕರ ಒಬ್ಬ ಹುಡುಗನ್ನ ತಿಂಗಳುಗಟ್ಟಲೆ ಹಿಂಬಾಲಿಸಿದ್ದೆ, ಹೆಸರು ಸರಿ, ವಯಸ್ಸು ಸರಿ, ಬಂದ ವರ್ಷ ಸರಿ, ಕೊನೆಗೆ ಅವನ ಎಡಗೈ ಮೇಲೆ ಹಚ್ಚೆ ಇತ್ತು ಅಂತ ಒಂದು ದಾಖಲೆಯಲ್ಲಿದ್ರೆ ಇನ್ನೊಂದರಲ್ಲಿ ಹಚ್ಚೆನೇ ಇಲ್ಲ, ನೋಡಿದ್ರೆ ಅವರು ಇಬ್ಬರು ಬೇರೆ ಬೇರೆ ಹುಡುಗರು. ಆ ಮನೆಯವರು ಅಷ್ಟೊತ್ತಿಗೆ ತಪ್ಪು ಹುಡುಗನ ಮೇಲೆ ಪ್ರೀತಿ ಬೆಳೆಸ್ಕೊಂಡಿದ್ರು, ಅವರಿಗೆ ಹೇಳೋದು ನನಗೆ ಬಹಳ ಕಷ್ಟ ಆಯ್ತು. ಹಾಗಾಗಿ ಬರೀ ಹೆಸರು ನೋಡಿ ನಮ್ಮಜ್ಜ ಅಂದ್ಕೋಬೇಡಿ. ಹಡಗಿನ ಹೆಸರು, ಶಿಕ್ಷೆ ಆದ ಕೋರ್ಟು ಮತ್ತು ತಾರೀಖು, ಮೈ ಮೇಲಿನ ಗುರುತು, ಈ ಮೂರೂ ಒಂದಕ್ಕೊಂದು ಕೂಡಬೇಕು. ವಯಸ್ಸು ಮಾತ್ರ ಒಂದೆರಡು ವರ್ಷ ಆಚೀಚೆ ಆಗಿರುತ್ತೆ, ಅದಕ್ಕೆ ತಲೆ ಕೆಡಿಸ್ಕೋಬೇಡಿ, ಎಷ್ಟೋ ಮಕ್ಕಳಿಗೆ ತಮ್ಮ ವಯಸ್ಸೇ ಸರಿಯಾಗಿ ಗೊತ್ತಿರ್ತಿರ್ಲಿಲ್ಲ.

ಈಗ ಕರ್ಚೀಫಿನ ವಿಷಯ. ನಾವು ಕರ್ಚೀಫ್ ಅಂದ್ರೆ ಮೂಗು ಒರೆಸೋ ಬಟ್ಟೆ ಅಂದ್ಕೋತೀವಿ, ಆಗ ಗಂಡಸರ ಕೋಟಿನ ಹಿಂದಿನ ಜೇಬಲ್ಲಿ ಇರ್ತಿದ್ದಿದ್ದು ಹೆಚ್ಚಾಗಿ ರೇಷ್ಮೆದು, ಒಂದು ಮಾರಿದ್ರೆ ಒಂದೆರಡು ದಿನದ ಊಟ. ಅದರಲ್ಲಿ ಬಂಗಾಳದಿಂದ ಹಡಗಲ್ಲಿ ಹೋಗ್ತಿದ್ದ ಬಣ್ಣದ ಚೌಕಗಳಿಗೆ ಬಂಡಾನಾ ಅಂತ ಹೆಸರು, ಆ ಪದ ಹುಟ್ಟಿದ್ದೇ ನಮ್ಮ ಕಡೆ ಬಟ್ಟೆನ ಗಂಟು ಕಟ್ಟಿ ಬಣ್ಣ ಹಾಕೋ ಬಾಂಧನಿ ಕೆಲಸದಿಂದ. ಅಂದ್ರೆ ಆ ಹುಡುಗ ಎಳೆದ ಬಟ್ಟೆ ನಮ್ಮ ದೇಶದ ಮಗ್ಗದ್ದೇ ಆಗಿದ್ರೂ ಆಶ್ಚರ್ಯ ಇಲ್ಲ. ಕದ್ದಿದ್ದನ್ನ ಕೊಳ್ಳೋಕೆ ಲಂಡನ್‌ನಲ್ಲಿ ಫೀಲ್ಡ್ ಲೇನ್ ಅಂತ ಒಂದು ಗಲ್ಲಿನೇ ಇತ್ತು, ಅಂಗಡಿ ಮುಂದೆ ಸಾಲು ಸಾಲು ಕರ್ಚೀಫ್ ನೇತಾಕಿರ್ತಿದ್ರು.

ಕಾನೂನು ಹೇಗಿತ್ತು ಅಂತ ಕೇಳಿದ್ರಲ್ಲ. ಇಂಗ್ಲೆಂಡಲ್ಲಿ ಆಗ 7 ವರ್ಷ ತುಂಬಿದ ಮಗು ಅಪರಾಧಿ ಆಗಬಹುದಿತ್ತು. 7ರಿಂದ 14ರ ಒಳಗಿನ ಮಕ್ಕಳಿಗೆ ತಪ್ಪು ಸರಿ ಗೊತ್ತಿತ್ತು ಅಂತ ಸರ್ಕಾರ ತೋರಿಸ್ಬೇಕು ಅನ್ನೋ ನಿಯಮ ಇತ್ತು, ಆದ್ರೆ ಕದ್ದು ಓಡಿದ ಅಂದ್ರೆ ಗೊತ್ತಿತ್ತು ಅಂತಲೇ ಅಲ್ವಾ ಅಂತ ಅದನ್ನ ಸುಲಭವಾಗಿ ದಾಟ್ತಿದ್ರು. ಜೇಬಿಗೆ ಕೈ ಹಾಕೋದು ಮಾಮೂಲಿ ಕಳ್ಳತನಕ್ಕಿಂತ ದೊಡ್ಡ ಅಪರಾಧ, 1808ರ ತನಕ ಒಂದು ಶಿಲಿಂಗ್‌ಗಿಂತ ಹೆಚ್ಚಿನದನ್ನ ಜೇಬಿಂದ ಕದ್ರೆ ಮರಣದಂಡನೆನೇ ಕಾನೂನು. ಅದು ಹೋದ ಮೇಲೆ ಗಡೀಪಾರು ಬಂತು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರಲ್ಲ, 1847ರ ಕಾಯ್ದೆ ಬರೋ ತನಕ ಎಷ್ಟೇ ಚಿಕ್ಕ ಮಗು ಎಷ್ಟೇ ಚಿಕ್ಕ ವಸ್ತು ಕದ್ರೂ ಕೇಸು ಜ್ಯೂರಿ ಮುಂದೆನೇ ಹೋಗಬೇಕಿತ್ತು, ಮ್ಯಾಜಿಸ್ಟ್ರೇಟ್ ಅಲ್ಲೇ ಗದರಿಸಿ ಬಿಟ್ಟು ಕಳಿಸೋ ಹಾಗಿರಲಿಲ್ಲ. ಜ್ಯೂರಿ ಕೂರೋದು ಯಾವಾಗ್ಲೋ, ಅಲ್ಲಿ ತನಕ ಮಗು ಜೈಲಲ್ಲಿ, ದೊಡ್ಡ ಕಳ್ಳರ ಜೊತೆ. ಶಿಕ್ಷೆ ಆಗೋಕೆ ಮೊದ್ಲೇ ಶಿಕ್ಷೆ.

ನಿಮ್ಮ ಹುಡುಗನ ಹಾಳೆಯಲ್ಲಿ ಒಂದು ಸಾಲು ಗಮನಿಸಿದ್ರಾ, ಅಪರಾಧದ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಅವನೇ ಹೇಳ್ಕೊಂಡ ಮಾತಿದೆ, ಇದಕ್ಕೆ ಮುಂಚೆ ಬ್ರೆಡ್ಡಿಗೆ ಒಂದು ಸಲ, 14 ದಿನ ಅಂತ. ಅದೇ 7 ವರ್ಷಕ್ಕೆ ಕಾರಣ. ಜಡ್ಜ್‌ಗಳು ಮೊದಲನೇ ಸಲ ಸಿಕ್ಕಿಬಿದ್ದ ಮಗುನ ಸಾಮಾನ್ಯವಾಗಿ ಗಡೀಪಾರು ಮಾಡ್ತಿರ್ಲಿಲ್ಲ, ಎರಡನೇ ಸಲ ಮೂರನೇ ಸಲ ಬಂದ್ರೆ ಇವನು ಇನ್ನು ಸುಧಾರಿಸಲ್ಲ ಅಂತ ಲೆಕ್ಕ. ಕರ್ಚೀಫ್ ಅನ್ನೋದು ಆ ಪುಟದ ದೊಡ್ಡ ಅಕ್ಷರ, ಬ್ರೆಡ್ ಅನ್ನೋದು ಸಣ್ಣ ಅಕ್ಷರ, ನನ್ನ ಪ್ರಕಾರ ಆ ಮನೆಯ ಕಥೆ ಇರೋದು ಸಣ್ಣ ಅಕ್ಷರದಲ್ಲೇ.

ನೇಣಿನ ಪ್ರಶ್ನೆಗೆ ಬರ್ತೀನಿ. ಮಕ್ಕಳಿಗೆ ಮರಣದಂಡನೆ ಘೋಷಣೆ ಆಗ್ತಿದ್ದಿದ್ದು ನಿಜ, ಆದ್ರೆ ಘೋಷಣೆ ಬೇರೆ, ನೇಣು ಬೇರೆ. 1801ರಿಂದ 1836ರ ತನಕ ಓಲ್ಡ್ ಬೇಲಿ ಒಂದರಲ್ಲೇ 14 ವರ್ಷದೊಳಗಿನ 103 ಮಕ್ಕಳಿಗೆ ಮರಣದಂಡನೆ ಓದಿದ್ರು, ಒಬ್ಬರನ್ನೂ ನೇಣಿಗೆ ಹಾಕ್ಲಿಲ್ಲ, ಎಲ್ಲಾ ಗಡೀಪಾರು ಅಥವಾ ಜೈಲಿಗೆ ಬದಲಾಯ್ತು. 1833ರಲ್ಲಿ ಎರಡು ಪೆನ್ನಿ ಬೆಲೆಯ ಬಣ್ಣ ಕದ್ದ 9 ವರ್ಷದ ಹುಡುಗನಿಗೂ ಮರಣದಂಡನೆ ಓದಿ ಆಮೇಲೆ ಬದಲಾಯಿಸಿದ್ರು. ಹಾಗಂತ ಒಬ್ಬರೂ ಸತ್ತಿಲ್ಲ ಅಂತಲ್ಲ, 1831ರಲ್ಲಿ ಜಾನ್ ಎನಿ ಬರ್ಡ್ ಬೆಲ್ ಅಂತ 14 ವರ್ಷದ ಹುಡುಗನನ್ನ ಮೇಡ್‌ಸ್ಟನ್‌ನಲ್ಲಿ ಜನರೆದುರೇ ನೇಣಿಗೆ ಹಾಕಿದ್ರು, ಅದು ಇನ್ನೊಬ್ಬ ಹುಡುಗನ ಕೊಲೆ ಕೇಸು. ವಿಕ್ಟೋರಿಯಾ ರಾಣಿ 1837ರಲ್ಲಿ ಪಟ್ಟಕ್ಕೆ ಬರೋ ಹೊತ್ತಿಗೆ ಕಳ್ಳತನಕ್ಕೆ ನೇಣು ಅನ್ನೋದು ಹೆಚ್ಚೂಕಮ್ಮಿ ಮುಗಿದಿತ್ತು. ಇದನ್ನ ಯಾಕೆ ಇಷ್ಟು ಬಿಡಿಸಿ ಹೇಳ್ತಿದೀನಿ ಅಂದ್ರೆ, ಇಂಟರ್‌ನೆಟ್‌ನಲ್ಲಿ ಬ್ರೆಡ್ ಕದ್ದ ಮಕ್ಕಳನ್ನ ಸಾಲಾಗಿ ನೇಣಿಗೆ ಹಾಕ್ತಿದ್ರು ಅಂತ ಹಾಕ್ತಾರೆ, ಅದನ್ನ ಮಗಳ ಪ್ರಾಜೆಕ್ಟಲ್ಲಿ ಬರೀಬೇಡಿ. ನಡೆದಿದ್ದೇ ಸಾಕಷ್ಟು ಕ್ರೂರ ಇದೆ, ಅದಕ್ಕೆ ನಾವು ಸೇರಿಸೋ ಅಗತ್ಯ ಇಲ್ಲ.

ಏನು ನಡೀತು ಅಂದ್ರೆ, ತೀರ್ಪಾದ ಮೇಲೆ ಹುಡುಗರನ್ನ ಹಲ್ಕ್‌ಗೆ ಹಾಕ್ತಿದ್ರು. ಹಲ್ಕ್ ಅಂದ್ರೆ ಹಾಯಿಕಂಬ ಕಿತ್ತು ದಡದ ಹತ್ರ ಕಟ್ಟಿಹಾಕಿದ ಹಳೇ ಯುದ್ಧನೌಕೆ, ಅದೇ ಜೈಲು. 1825ರಿಂದ 1843ರ ತನಕ ಯೂರಿಯಾಲಸ್ ಅನ್ನೋ ಹಲ್ಕ್ ಬರೀ ಹುಡುಗರಿಗೆ ಅಂತಲೇ ಇತ್ತು, ಚಾಟಮ್‌ನಲ್ಲಿ. ಅಲ್ಲಿ ದೊಡ್ಡ ಹುಡುಗರು ಚಿಕ್ಕವರ ಊಟ ಕಿತ್ಕೊಳ್ತಿದ್ರು, ಹೊಡೀತಿದ್ರು, ಇದು ಪಾರ್ಲಿಮೆಂಟಿನ ಸಮಿತಿ ಮುಂದೆನೇ ಬಂದ ಸಾಕ್ಷಿ. ನಿಮ್ಮ ಹಾಳೆಯಲ್ಲಿ ಹಲ್ಕ್ ರಿಪೋರ್ಟ್ ಅಂತ ಇರೋ ಕಡೆ ಒಂದೇ ಪದ, ಒಳ್ಳೆಯವನು ಅಂತ. ಆ ಜಾಗದಲ್ಲಿ ಇದ್ದು ಆ ಪದ ತಗೊಂಡಿದಾನೆ.

ಆಮೇಲೆ ಸುಮಾರು ನಾಲ್ಕು ತಿಂಗಳ ಸಮುದ್ರ, ಆಮೇಲೆ ವ್ಯಾನ್ ಡೀಮನ್ಸ್ ಲ್ಯಾಂಡ್, ಅಂದ್ರೆ ಈಗಿನ ನಿಮ್ಮ ಟಾಸ್ಮೇನಿಯಾ, ಅಲ್ಲಿ ಪೋರ್ಟ್ ಆರ್ಥರ್ ಎದುರಿಗೆ ನೀರಿನ ಆಚೆ ದಡದಲ್ಲಿ ಪಾಯಿಂಟ್ ಪ್ಯೂರ್. ಪ್ಯೂರ್ ಅಂದ್ರೆ ಲ್ಯಾಟಿನ್‌ನಲ್ಲಿ ಹುಡುಗ. 1834ರಿಂದ 1849ರ ತನಕ ಸುಮಾರು 3,000 ಹುಡುಗರು ಅಲ್ಲಿದ್ರು, ತೀರಾ ಚಿಕ್ಕವರಿಗೆ 9 ವರ್ಷ. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಹುಡುಗರಿಗೇ ಅಂತ ಪ್ರತ್ಯೇಕವಾಗಿ ಕಟ್ಟಿದ ಮೊದಮೊದಲ ಜೈಲುಗಳಲ್ಲಿ ಅದೂ ಒಂದು, ಇಂಗ್ಲೆಂಡಿನ ಹೆಸರಾದ ಪಾರ್ಕ್‌ಹರ್ಸ್ಟ್ ಜೈಲಿಗಿಂತಲೂ ಮುಂಚಿನದು. ಗಾಳಿ ಬಡಿಯೋ ಬಂಡೆ ಜಾಗ, ಕುಡಿಯೋ ನೀರಿಗೇ ತತ್ವಾರ. ಆದ್ರೆ ಅಲ್ಲಿ ಕೆಲಸ ಕಲಿಸ್ತಿದ್ರು ಅನ್ನೋದನ್ನೂ ಹೇಳಲೇಬೇಕು, ಬಡಗಿ ಕೆಲಸ, ಚಪ್ಪಲಿ ಹೊಲಿಯೋದು, ದೋಣಿ ಕಟ್ಟೋದು, ಕಲ್ಲು ಕೆತ್ತೋದು, ಬುಕ್ ಬೈಂಡಿಂಗ್, ಜೊತೆಗೆ ಒಂದಿಷ್ಟು ಓದು ಬರಹ. ಪೋರ್ಟ್ ಆರ್ಥರ್‌ನಲ್ಲಿ ಈಗ ಛಾವಣಿ ಇಲ್ಲದೆ ಗೋಡೆ ಮಾತ್ರ ನಿಂತಿರೋ ಚರ್ಚ್ ನೋಡಿರ್ತೀರಿ, ಅದರ ಕಲ್ಲಿನ ಅಲಂಕಾರದಲ್ಲಿ ಈ ಹುಡುಗರ ಉಳಿ ಆಡಿದೆ. ಅದು ನಿಮ್ಮ ಹುಡುಗ ಬರೋಕೆ ಮುಂಚೆನೇ ಮುಗಿದಿತ್ತು, ಆದ್ರೂ ಮಗಳನ್ನ ಕರ್ಕೊಂಡು ಹೋಗಿ, ನಿಮ್ಮಲ್ಲಿಂದ ಒಂದೂವರೆ ಗಂಟೆ ದಾರಿ.

ಈಗ ಹಾಳೆಯ ಕೆಳಗಿನ ಭಾಗ. ಇದು ಓದೋಕೆ ಕಷ್ಟ ಆಗಿದೆ ಅಂತ ಬರೆದಿದೀರಿ, ಕೈಬರಹಕ್ಕಾ ಅಥವಾ ವಿಷಯಕ್ಕಾ ಗೊತ್ತಿಲ್ಲ, ನನಗಂತೂ ಎರಡಕ್ಕೂ. ತಂಬಾಕು ಇಟ್ಕೊಂಡಿದ್ದಕ್ಕೆ ಎರಡು ದಿನ ಒಂಟಿ ಕೋಣೆ, ಬ್ರೆಡ್ಡು ನೀರು. ಮೇಲ್ವಿಚಾರಕನಿಗೆ ಎದುರು ಮಾತಾಡಿದ್ದಕ್ಕೆ ಹಿಂಭಾಗದ ಮೇಲೆ 20 ಏಟು. ಚರ್ಚಲ್ಲಿ ಮಾತಾಡಿದ್ದಕ್ಕೆ ಮತ್ತೆ ಒಂಟಿ ಕೋಣೆ. ದೊಡ್ಡ ಕೈದಿಗಳಿಗೆ ಬೆನ್ನ ಮೇಲೆ ಹೊಡೀತಿದ್ರು, ಹುಡುಗರಿಗೆ ಹಿಂಭಾಗಕ್ಕೆ, ಅದನ್ನ ದಯೆ ಅಂತ ಅವರು ಲೆಕ್ಕ ಹಾಕಿದ್ರು. ಈ ಪಟ್ಟಿ ನೋಡಿ ಇವನು ಪೋಕರಿ ಅಂತ ತೀರ್ಮಾನ ಮಾಡ್ಬೇಡಿ. ಅದರಲ್ಲಿರೋ ಒಂದೊಂದು ಅಪರಾಧನೂ ನಿಮ್ಮ ಶಿವಮೊಗ್ಗದ ಯಾವುದೇ ಹೈಸ್ಕೂಲಿನ ಎಂಟನೇ ಕ್ಲಾಸಲ್ಲಿ ಒಂದು ವಾರದಲ್ಲಿ ನಡೆಯೋದೇ, ವ್ಯತ್ಯಾಸ ಏನಂದ್ರೆ ಇಲ್ಲಿ ಪಕ್ಕದಲ್ಲಿ ಒಬ್ಬ ಗುಮಾಸ್ತ ಪೆನ್ನು ಹಿಡ್ಕೊಂಡು ಕೂತಿದ್ದ. ಅವನು ಒಳ್ಳೆಯದು ಮಾಡಿದ ದಿನ ಗುಮಾಸ್ತ ಏನೂ ಬರೀಲಿಲ್ಲ. ಎರಡು ಶಿಕ್ಷೆಯ ಸಾಲುಗಳ ಮಧ್ಯೆ ತಾರೀಖು ನೋಡಿ, ಹದಿನಾಲ್ಕು ತಿಂಗಳು ಗ್ಯಾಪ್ ಇದೆ. ಆ ಹದಿನಾಲ್ಕು ತಿಂಗಳೂ ಅವನು ಅಲ್ಲೇ ಇದ್ದ, ಬದುಕಿದ್ದ, ಬಹುಶಃ ಕೆಲಸ ಕಲೀತಿದ್ದ. ಯಾಕಂದ್ರೆ ಬರುವಾಗ ಉದ್ಯೋಗದ ಕಾಲಂನಲ್ಲಿ ಏನೂ ಇಲ್ಲ, ಬಿಡುಗಡೆ ಆಗಿ ಬಂದ ಮೇಲೆ ಅವನ ಮದುವೆ ದಾಖಲೆಯಲ್ಲಿ ಚಪ್ಪಲಿ ಹೊಲಿಯೋನು ಅಂತಿದೆ ಅಂತ ನೀವೇ ಬರೆದಿದೀರಿ.

ಒಬ್ಬ ಓದುಗರು ಹಿಂದೆ ನನ್ನ ಹತ್ರ ಕೇಳಿದ್ರು, ಇಂಗ್ಲೆಂಡಲ್ಲೇ ಉಳಿದಿದ್ರೆ ಈ ಮಕ್ಕಳ ಗತಿ ವಾಸಿ ಇರ್ತಿತ್ತಾ ಅಂತ. ಹೇಳೋದು ಕಷ್ಟ. 1838ರಲ್ಲಿ ಐಲ್ ಆಫ್ ವೈಟ್ ದ್ವೀಪದಲ್ಲಿ ಪಾರ್ಕ್‌ಹರ್ಸ್ಟ್ ಜೈಲನ್ನ ಹುಡುಗರಿಗೆ ಅಂತಲೇ ಶುರು ಮಾಡಿದ್ರು, ಮೊದಮೊದಲು ಕಾಲಿಗೆ ಕಬ್ಬಿಣ, ಮಾತಾಡೋ ಹಾಗಿಲ್ಲ, ಬಂದ ಹೊಸದರಲ್ಲಿ ತಿಂಗಳುಗಟ್ಟಲೆ ಒಬ್ಬೊಬ್ಬರೇ ಬೇರೆ ಬೇರೆ ಕೋಣೆ. ಅಲ್ಲಿಂದಲೂ ಹುಡುಗರನ್ನ ಅಪ್ರೆಂಟಿಸ್ ಅನ್ನೋ ಹೆಸರಲ್ಲಿ ಪಶ್ಚಿಮ ಆಸ್ಟ್ರೇಲಿಯಾಗೂ ನ್ಯೂಜಿಲೆಂಡಿಗೂ ಕಳಿಸಿದ್ರು. ಅವರಲ್ಲಿ ಒಬ್ಬ ಜಾನ್ ಗಾವಿನ್, 1844ರ ಏಪ್ರಿಲ್‌ನಲ್ಲಿ ಫ್ರೀಮ್ಯಾಂಟಲ್‌ನ ರೌಂಡ್ ಹೌಸ್ ಜೈಲಿನ ಎದುರು ಕೊಲೆ ಕೇಸಲ್ಲಿ ನೇಣಿಗೇರಿದ, 15 ವರ್ಷ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ನೇಣಾದ ಮೊದಲ ಬಿಳಿಯ ಅಂದ್ರೆ ಆ ಹುಡುಗನೇ.

ಮಾಮೂಲಿ ಜೈಲಿಗೆ ಹೋದೋರದ್ದು ಇನ್ನೊಂದು ಕಥೆ. ಬರ್ಮಿಂಗ್‌ಹ್ಯಾಮ್ ಜೈಲಿನ ಎಡ್ವರ್ಡ್ ಆಂಡ್ರೂಸ್ ವಿಷಯ ನಾನು ಮೊದಲ ಸಲ ಓದಿದ ದಿನ ಮುಂದೆ ಏನೂ ಕೆಲಸ ಮಾಡೋಕೆ ಆಗ್ಲಿಲ್ಲ. 15 ವರ್ಷದ ಹುಡುಗ, ನಾಲ್ಕು ಪೌಂಡ್ ಮಾಂಸ ಕದ್ದಿದ್ದಕ್ಕೆ ಮೂರು ತಿಂಗಳು. ಅಲ್ಲಿ ಕ್ರ್ಯಾಂಕ್ ಅಂತ ಒಂದು ಯಂತ್ರ, ಗೋಡೆಗೆ ಕೂರಿಸಿದ ಪೆಟ್ಟಿಗೆ, ಅದಕ್ಕೊಂದು ಹಿಡಿ, ಸುಮ್ನೆ ತಿರುಗಿಸ್ತಾ ಇರಬೇಕು, ಅದರಿಂದ ಹಿಟ್ಟೂ ಬರಲ್ಲ ನೀರೂ ಬರಲ್ಲ, ಒಳಗೆ ಎಷ್ಟು ಸುತ್ತಾಯ್ತು ಅಂತ ಎಣಿಸೋ ಮುಳ್ಳು ಮಾತ್ರ. ದಿನಕ್ಕೆ 10,000 ಸುತ್ತು, ತಿಂಡಿಗೆ ಮುಂಚೆ 2,000, ಮಧ್ಯಾಹ್ನದ ಊಟದೊಳಗೆ 4,000, ಸಂಜೆಗೆ 4,000. ಮುಗಿಸದಿದ್ರೆ ಊಟ ಇಲ್ಲ, ಬ್ರೆಡ್ಡು ನೀರು ಅಷ್ಟೇ. ಊಟ ಇಲ್ಲದೆ ಮಾರನೇ ದಿನ ಹೇಗೆ ತಿರುಗಿಸ್ತಾನೆ? ಆಗ ಕೈ ಕಟ್ಟೋ ಅಂಗಿ ತೊಡಿಸಿ, ಕುತ್ತಿಗೆಗೆ ಬಿಗಿಯಾದ ಚರ್ಮದ ಪಟ್ಟಿ ಹಾಕಿ, ಗೋಡೆಗೆ ಕಟ್ಟಿ ಗಂಟೆಗಟ್ಟಲೆ ನಿಲ್ಲಿಸ್ತಿದ್ರು, ಮೈ ಮೇಲೆ ತಣ್ಣೀರು. 1853ರ ಏಪ್ರಿಲ್ 27ರ ರಾತ್ರಿ ಹುಡುಗ ಕೋಣೆಯಲ್ಲೇ ನೇಣು ಹಾಕ್ಕೊಂಡ. ಜನ ಗಲಾಟೆ ಮಾಡಿದ್ರು, ರಾಯಲ್ ಕಮಿಷನ್ ಕೂತ್ಕೊಂತು, ಜೈಲಿನ ಗವರ್ನರ್ ವಿಲಿಯಂ ಆಸ್ಟಿನ್‌ಗೂ ಕೊನೆಗೆ ಶಿಕ್ಷೆ ಆಯ್ತು. ಎಷ್ಟು ಗೊತ್ತಾ, ಮೂರು ತಿಂಗಳು. ಆ ಮಾಂಸದಷ್ಟೇ.

ಇದೆಲ್ಲ ನೋಡಿ ಮನಸ್ಸು ಕರಗಿದವರು ಆಗಲೂ ಇದ್ರು, ಅವರಲ್ಲಿ ದೊಡ್ಡ ಹೆಸರು ಬ್ರಿಸ್ಟಲ್‌ನ ಮೇರಿ ಕಾರ್ಪೆಂಟರ್. ನಮ್ಮ ರಾಜಾ ರಾಮಮೋಹನ ರಾಯರು 1833ರಲ್ಲಿ ಬ್ರಿಸ್ಟಲ್‌ನಲ್ಲಿ ತೀರ್ಕೊಂಡ್ರಲ್ಲ, ಅವರ ಕೊನೆ ದಿನಗಳಲ್ಲಿ ಹತ್ರ ಇದ್ದ ಮನೆತನ ಇವರದ್ದು. ಮಕ್ಕಳನ್ನ ಜೈಲಿಗೆ ಹಾಕ್ಬೇಡಿ, ಶಾಲೆಗೆ ಹಾಕಿ ಅಂತ ಹಠ ಹಿಡಿದು 1852ರಲ್ಲಿ ಕಿಂಗ್ಸ್‌ವುಡ್‌ನಲ್ಲಿ, 1854ರಲ್ಲಿ ಹುಡುಗಿಯರಿಗೆ ರೆಡ್ ಲಾಡ್ಜ್‌ನಲ್ಲಿ ಸುಧಾರಣಾ ಶಾಲೆ ತೆಗೆದ್ರು, 1854ರಲ್ಲೇ ಅದಕ್ಕೊಂದು ಕಾಯ್ದೆನೂ ಬಂತು. ನಾನು ಅವರನ್ನ ಗೌರವಿಸ್ತೀನಿ. ಆದ್ರೆ ಕಾಯ್ದೆ ಜಾರಿಗೆ ಬಂದಿದ್ದು ಹೇಗೆ ನೋಡಿ: 16ರ ಒಳಗಿನ ಮಗುನ 2ರಿಂದ 5 ವರ್ಷ ಸುಧಾರಣಾ ಶಾಲೆಗೆ ಕಳಿಸಬಹುದು, ಆದ್ರೆ ಅದಕ್ಕೆ ಮುಂಚೆ ಕನಿಷ್ಠ 14 ದಿನ ಜೈಲು ಅನುಭವಿಸಲೇಬೇಕು! ಆ 14 ದಿನದ ಷರತ್ತು ಪೂರ್ತಿ ಹೋಗಿದ್ದು 1899ರಲ್ಲಿ, ಅದಕ್ಕೆ ಕಾರ್ಪೆಂಟರ್ ಮೊದಲಿಂದಲೂ ವಿರೋಧವಾಗಿದ್ರು. ಅಂದ್ರೆ ಮೊದಲು ಒಂದು ತಿಂಗಳು ಜೈಲಿಗೆ ಹೋಗಿ ಅಮ್ಮನ ಹತ್ರ ವಾಪಸ್ ಬರ್ತಿದ್ದ ಮಗು ಈಗ ಕರುಣೆಯ ಹೆಸರಲ್ಲಿ ಐದು ವರ್ಷ ಮನೆ ಬಿಟ್ಟು ಹೋಯ್ತು. ಅಪ್ಪ ಅಮ್ಮ ವಾರಕ್ಕೆ 5 ಶಿಲಿಂಗ್ ತನಕ ಕಟ್ಟಬೇಕು, ಕಟ್ಟದಿದ್ರೆ ಅವರ ಮೇಲೂ ಕೇಸು. ವಿಕ್ಟೋರಿಯಾ ಕಾಲದ ಶಿಕ್ಷೆಯಲ್ಲಿ ಏಟಿಗಿಂತ ಹೆಚ್ಚು ಗಾಯ ಮಾಡಿದ್ದು ಈ ಅಗಲಿಕೆ ಅಂತ ನನ್ನ ಅಭಿಪ್ರಾಯ, ಎಷ್ಟೋ ಮನೆಗಳ ವಂಶಾವಳಿಯಲ್ಲಿ ಒಂದು ಮಗು ಹತ್ತನೇ ವಯಸ್ಸಿಗೆ ಮಾಯ ಆಗುತ್ತಲ್ಲ, ಸತ್ತಿರಬೇಕು ಅಂತ ಮನೆಯವರು ಅಂದ್ಕೊಂಡಿರ್ತಾರೆ, ಹುಡುಕಿದ್ರೆ ಅದು ಯಾವುದೋ ಸುಧಾರಣಾ ಶಾಲೆಯ ಜನಗಣತಿ ಪುಟದಲ್ಲಿ ಇನ್ನೂರು ಹುಡುಗರ ಮಧ್ಯೆ ಸಿಗುತ್ತೆ.

ಏಟೇನೂ ನಿಲ್ಲಲಿಲ್ಲ ಮತ್ತೆ. 1862ರ ಕಾಯ್ದೆಯಲ್ಲಿ 14ರ ಒಳಗಿನ ಹುಡುಗರಿಗೆ 12 ಏಟಿಗಿಂತ ಹೆಚ್ಚಿಲ್ಲ, ಬರ್ಚ್ ಮರದ ಕಡ್ಡಿಗಳ ಕಟ್ಟಿನಿಂದಲೇ ಹೊಡೀಬೇಕು ಅಂತ ಮಿತಿ ಹಾಕಿದ್ರು. ಅಷ್ಟೇ ಸುಧಾರಣೆ.

ಇದರ ನೆರಳು ನಮ್ಮ ಕಡೆಗೂ ಬಂತು, ನಿಮ್ಮ ಮಗಳು ಎರಡೂ ಕಡೆಯವಳಲ್ವಾ ಅದಕ್ಕೆ ಹೇಳ್ತೀನಿ. ನಮ್ಮ ಇಂಡಿಯನ್ ಪೀನಲ್ ಕೋಡ್ 82ನೇ ಸೆಕ್ಷನ್‌ನಲ್ಲಿದ್ದ 7 ವರ್ಷ ಅನ್ನೋ ಗೆರೆ ಆ ಇಂಗ್ಲಿಷ್ ನಿಯಮದ್ದೇ. 1864ರ ಛಡಿ ಏಟಿನ ಕಾಯ್ದೆ ಬಂದಿದ್ದೂ ಇಂಗ್ಲಿಷರಿಂದಲೇ, ಬಾಲ ಅಪರಾಧಿಗಳಿಗೆ ಜೈಲಿನ ಬದಲು ಛಡಿ ಏಟು. ಮೇರಿ ಕಾರ್ಪೆಂಟರ್ 1866ರಲ್ಲಿ ಭಾರತಕ್ಕೆ ಬಂದು ಇಲ್ಲೂ ಮಕ್ಕಳಿಗೆ ಬೇರೆ ಶಾಲೆ ಬೇಕು ಅಂತ ಒತ್ತಾಯ ಮಾಡಿದ್ರು, 1876ರಲ್ಲಿ ಸುಧಾರಣಾ ಶಾಲೆಗಳ ಕಾಯ್ದೆ ಬಂತು, 1897ರಲ್ಲಿ ಅದನ್ನ ಬದಲಾಯಿಸಿ ಮತ್ತೆ ತಂದ್ರು. ಇನ್ನೊಂದು ಸಂಗತಿ ನನ್ನ ಮನಸ್ಸಲ್ಲಿ ಯಾವಾಗ್ಲೂ ಇರುತ್ತೆ: ಥೇಮ್ಸ್ ನದಿಯಲ್ಲಿ ಕಾರ್ನ್‌ವಾಲ್ ಅನ್ನೋ ಹೆಸರಲ್ಲಿ ಒಂದು ಸುಧಾರಣಾ ಹಡಗಿತ್ತು, ಹುಡುಗರನ್ನ ಅದರಲ್ಲೇ ಇಟ್ಟು ನಾವಿಕರ ಕೆಲಸ ಕಲಿಸೋದು. 1868ರಿಂದ ಆ ಹೆಸರು ಹೊತ್ತಿದ್ದು ವೆಲ್ಲೆಸ್ಲಿ ಅನ್ನೋ ಹಳೇ ಯುದ್ಧನೌಕೆ, ಅದನ್ನ ತೇಗದಲ್ಲಿ ಕಟ್ಟಿ 1815ರಲ್ಲಿ ನೀರಿಗಿಳಿಸಿದ್ದು ನಮ್ಮ ಮುಂಬಯಿಯಲ್ಲಿ.

ಈಗ ಮುಂದೆ ಏನು ಹುಡುಕೋದು. ನೀವು ಟಾಸ್ಮೇನಿಯಾದಲ್ಲಿರೋದು ದೊಡ್ಡ ಅನುಕೂಲ, ಅಲ್ಲಿನ ಕೈದಿಗಳ ದಾಖಲೆ ಯುನೆಸ್ಕೋ ಪಟ್ಟಿಗೆ ಸೇರುವಷ್ಟು ವಿವರವಾಗಿದೆ, ಲೈಬ್ರರೀಸ್ ಟಾಸ್ಮೇನಿಯಾದ ಹೆಸರಿನ ಸೂಚಿಯಲ್ಲಿ ದುಡ್ಡಿಲ್ಲದೆ ನೋಡಬಹುದು. ನಿಮ್ಮ ಹತ್ರ ಇರೋದು ನಡತೆಯ ಹಾಳೆ ಮಾತ್ರ. ಅದೇ ಹುಡುಗನಿಗೆ ಇನ್ನೂ ಎರಡು ಹಾಳೆ ಇರಬೇಕು, ಒಂದು ಮೈ ವಿವರದ್ದು, ಎತ್ತರ, ಕಣ್ಣಿನ ಬಣ್ಣ, ಗಾಯದ ಗುರುತು, ಹಚ್ಚೆ, ಮತ್ತೆ ನೇಟಿವ್ ಪ್ಲೇಸ್. ಹೌದು, ನಾವು ಬೆಂಗಳೂರಲ್ಲಿ ನಿಮ್ಮ ನೇಟಿವ್ ಯಾವುದು ಅಂತ ಕೇಳ್ತೀವಲ್ಲ, ಅದೇ ಪದ ಆ ಕಾಲಂ ಮೇಲೆ ಅಚ್ಚಾಗಿರುತ್ತೆ. ಇನ್ನೊಂದು ಇಂಡೆಂಟ್ ಅಂತ, 1840ರ ದಶಕದಲ್ಲಿ ಬಂದೋರದ್ದಾದ್ರೆ ಅದರಲ್ಲಿ ಅಪ್ಪ ಅಮ್ಮ ಅಣ್ಣ ತಂಗಿಯರ ಹೆಸರೂ ಅವರಿರೋ ಊರೂ ಬರೆದಿರ್ತಾರೆ. ಮೊದಲು ಅದನ್ನ ಹುಡುಕಿ, ಎಲ್ಲ ಬಾಗಿಲಿಗೂ ಬೀಗದ ಕೈ ಅದೇ.

ಲಂಡನ್ ಕಡೆ, ಓಲ್ಡ್ ಬೇಲಿ ವಿಚಾರಣೆಗಳು 1674ರಿಂದ 1913ರ ತನಕ ಆನ್‌ಲೈನ್‌ನಲ್ಲಿ ಪುಕ್ಕಟೆ ಇವೆ. ನಿಮ್ಮ ಹಾಳೆಯಲ್ಲಿ ಸೆಂಟ್ರಲ್ ಕ್ರಿಮಿನಲ್ ಕೋರ್ಟ್ ಅಂತ ಇದೆ, ಅದು ಓಲ್ಡ್ ಬೇಲಿನೇ, 1834ರಲ್ಲಿ ಹೆಸರು ಬದಲಾಯ್ತು. ಕರ್ಚೀಫ್ ಕಳ್ಕೊಂಡೋರು ಏನು ಹೇಳಿದ್ರು, ಹಿಡಿದ ಪೊಲೀಸ್ ಏನು ಹೇಳಿದ, ಕೆಲವೊಮ್ಮೆ ಹುಡುಗ ಏನು ಹೇಳಿದ ಅನ್ನೋದೂ ಇರುತ್ತೆ, ಸಾಮಾನ್ಯವಾಗಿ ಒಂದೇ ಸಾಲು, ನಾನು ನೆಲದ ಮೇಲಿಂದ ಎತ್ಕೊಂಡೆ ಅಂತ. ಅದಾದ್ಮೇಲೆ ಕ್ಯೂ ಊರಲ್ಲಿರೋ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಎಚ್‌ಓ 18 ಅನ್ನೋ ಸರಣಿ, ಇದು 1839ರಿಂದ 1854ರ ನಡುವಿನ ಕ್ಷಮಾದಾನದ ಅರ್ಜಿಗಳು. ಎಲ್ಲರಿಗೂ ಇರಲ್ಲ. ಇದ್ರೆ ಮಾತ್ರ ಅದಕ್ಕಿಂತ ದೊಡ್ಡ ನಿಧಿ ಇಲ್ಲ, ಓದು ಬರದ ತಾಯಿ ಯಾರ ಕೈಲೋ ಬರೆಸಿ ಕೆಳಗೆ ಅಡ್ಡ ಗೀಟು ಹಾಕಿರ್ತಾಳೆ, ಪಕ್ಕದ ಮನೆಯೋರು, ಅಂಗಡಿಯೋರು, ಒಮ್ಮೊಮ್ಮೆ ಕಳ್ಕೊಂಡವನೇ ಬಿಟ್ಟುಬಿಡಿ ಅಂತ ಸಹಿ ಹಾಕಿರ್ತಾನೆ.

ಫೋಟೋ ಮಾತ್ರ ಸಿಗಲ್ಲ. ಸ್ಲೇಟ್ ಹಿಡ್ಕೊಂಡು ನಿಂತಿರೋ ಮಕ್ಕಳ ಫೋಟೋಗಳು ಓಡಾಡ್ತಾವಲ್ಲ, ಅವು ಹೆಚ್ಚಿನವು 1870ರ ದಶಕದ್ದು, 1871ರ ಕಾಯ್ದೆ ಆದ್ಮೇಲೆ ಕೈದಿಗಳ ಫೋಟೋ ತೆಗೆಯೋದು ನಿಯಮ ಆಯ್ತು. ಯಾರಾದ್ರೂ 1842ರ ಹುಡುಗನ ಫೋಟೋ ಅಂತ ಕೊಟ್ರೆ ನಂಬಬೇಡಿ. ಜನನ ಪ್ರಮಾಣಪತ್ರನೂ ಇರಲ್ಲ, ಇಂಗ್ಲೆಂಡಲ್ಲಿ ಸರ್ಕಾರಿ ನೋಂದಣಿ ಶುರುವಾಗಿದ್ದೇ 1837ರ ಜುಲೈನಲ್ಲಿ, ಅವನು ಅದಕ್ಕೆ ಮುಂಚೆ ಹುಟ್ಟಿದೋನು, ಚರ್ಚಿನ ಬ್ಯಾಪ್ಟಿಸಂ ಪುಸ್ತಕ ನೋಡಬೇಕು.

ಕೊನೆಗೆ ಅತ್ತೆಯವರ ಮಾತು. ಅವರನ್ನ ತಪ್ಪು ತಿಳ್ಕೋಬೇಡಿ. ಟಾಸ್ಮೇನಿಯಾದಲ್ಲಿ ಕೈದಿಯ ಕಳಂಕ ಅನ್ನೋದು ಬಹಳ ಆಳವಾಗಿ ಕೂತಿತ್ತು, 1856ರಲ್ಲಿ ವ್ಯಾನ್ ಡೀಮನ್ಸ್ ಲ್ಯಾಂಡ್ ಅನ್ನೋ ಹೆಸರನ್ನೇ ಬಿಟ್ಟಿದ್ದಕ್ಕೆ ಒಂದು ದೊಡ್ಡ ಕಾರಣ ಆ ಹೆಸರಿಗೆ ಅಂಟಿದ್ದ ಕೈದಿಗಳ ನೆನಪು. ಮೂರು ತಲೆಮಾರು ಮನೆಯೊಳಗೆ ಮುಚ್ಚಿಟ್ಟು ಬೆಳೆದೋರು ಅವರು, ಅವರ ಅಜ್ಜಿ ಅವರಿಗೆ ಹೇಳಿದ್ದೂ ಇದನ್ನೇ ಇರುತ್ತೆ. ಅವರ ಜೊತೆ ಕೂತ್ಕೊಂಡು ಆ ಬ್ರೆಡ್ಡಿನ ಸಾಲು ಓದಿ ತೋರಿಸಿ, ನಾನು ನೋಡಿರೋ ಹಾಗೆ ಅಷ್ಟಕ್ಕೆ ಮನಸ್ಸು ಬದಲಾಗಿದ್ದಿದೆ. ನಮ್ಮ ಊರ ಕಡೆ ಹೆಳವರು ಎತ್ತಿನ ಮೇಲೆ ಬಂದು ಅಂಗಳದಲ್ಲಿ ನಿಂತು ನಿಮ್ಮ ಮೂಲಪುರುಷ ಇಂಥ ಊರು ಬಿಟ್ಟು ಇಂಥ ಊರಿಗೆ ಬಂದ, ಇಂಥೋರಿಗೆ ಇಷ್ಟು ಮಕ್ಕಳು ಅಂತ ಹೇಳ್ತಿದ್ರಲ್ಲ, ಆ ಬಡ ಹುಡುಗನಿಗೆ ಲಂಡನ್‌ನಲ್ಲಿ ಅಂಥೋರು ಯಾರೂ ಇರಲಿಲ್ಲ, ಅವನ ವಂಶ ಬರೆದಿಟ್ಟಿದ್ದು ಪೊಲೀಸರು. ಪೊಲೀಸರು ಬರೆದ್ರು ಅಂತ ಅದನ್ನ ಹರಿದು ಹಾಕಿದ್ರೆ ಅವನ ಬಗ್ಗೆ ಇನ್ನೇನೂ ಉಳಿಯಲ್ಲ.

ಮಗಳಿಗೆ ಹೇಳಿ ಅನ್ನೋದೇ ನನ್ನ ಸಲಹೆ. ಏಟಿನ ಲೆಕ್ಕ ಈಗ ಬೇಡ, ದೊಡ್ಡವಳಾದ ಮೇಲೆ ಅವಳೇ ಓದ್ತಾಳೆ. ಹಸಿದಿದ್ದ, ಕದ್ದ, ಸಿಕ್ಕಿಬಿದ್ದ, ತುಂಬಾ ದೂರ ಕಳಿಸಿದ್ರು, ಅಲ್ಲಿ ಚಪ್ಪಲಿ ಹೊಲಿಯೋದು ಕಲಿತ, ಮದುವೆಯಾದ, ಅವನಿಂದ ನಿಮ್ಮಪ್ಪ, ನಿಮ್ಮಪ್ಪನಿಂದ ನೀನು. ಇಷ್ಟನ್ನ ಮಗು ಅರ್ಥ ಮಾಡ್ಕೊಳುತ್ತೆ. ಶಿಕ್ಷೆ ಮುಗಿದ್ರೂ ವಾಪಸ್ ಹೋಗೋಕೆ ಸರ್ಕಾರ ಟಿಕೆಟ್ ಕೊಡ್ತಿರ್ಲಿಲ್ಲ ಅನ್ನೋದನ್ನೂ ಹೇಳಿ, ಅವನು ಯಾಕೆ ಅಮ್ಮನ ಹತ್ರ ಹೋಗಲಿಲ್ಲ ಅಂತ ಅವಳು ಕೇಳೇ ಕೇಳ್ತಾಳೆ.

ಒಂದು ಕೆಲಸ ಅವಳ ಜೊತೆ ಸೇರಿನೇ ಮಾಡಿ. ಇಂಗ್ಲೆಂಡಲ್ಲಿ 1841ರ ಜೂನ್ 6ರಂದು ಜನಗಣತಿ ಆಯ್ತು, ಅವನು ಸಿಕ್ಕಿಬೀಳೋಕೆ ಸುಮಾರು ಒಂದು ವರ್ಷ ಮುಂಚೆ. ಇಂಡೆಂಟ್‌ನಲ್ಲಿ ಅಮ್ಮನ ಹೆಸರು ಸಿಕ್ಕಿದ ಮೇಲೆ ಆ ಬೀದಿಯ ಪುಟ ಹುಡುಕಿ. ಆ ಜನಗಣತಿಯಲ್ಲಿ ದೊಡ್ಡೋರ ವಯಸ್ಸನ್ನ ಐದೈದು ವರ್ಷಕ್ಕೆ ಇಳಿಸಿ ಬರೀತಿದ್ರು, ಯಾರು ಯಾರಿಗೆ ಏನಾಗಬೇಕು ಅಂತಲೂ ಬರೀತಿರ್ಲಿಲ್ಲ, ಆದ್ರೆ 15ರ ಒಳಗಿನ ಮಕ್ಕಳ ವಯಸ್ಸನ್ನ ಹಾಗೆ ಇಳಿಸ್ತಿರ್ಲಿಲ್ಲ, ಹಾಗಾಗಿ 12ರ ಆಸುಪಾಸು ಹುಡುಕಿ. ಅದಾದ್ಮೇಲೆ 1851ರದ್ದು ತೆಗೆದು ಅದೇ ಮನೆಯಲ್ಲಿ ಯಾರ್ಯಾರು ಉಳಿದಿದಾರೆ ನೋಡಿ. ಪುಟ ಸಿಕ್ಕಿದ್ರೆ ನನಗೂ ಒಂದು ಫೋಟೋ ಕಳಿಸಿ, ಕೈಬರಹ ಓದೋಕೆ ಆಗದಿದ್ರೆ ನಾನು ಬಿಡಿಸಿ ಕೊಡ್ತೀನಿ.